ಅಮೃತಪ್ಪನ ಚಿಟಿಕೆ, ಅಮೃತಪ್ಪನ ಮುಷ್ಟಿ

ಪೋಕರ್ ಆಡುವವರು ಕರಿ ಚಷ್ಮಾ ಯಾಕೆ ಹಾಕುತ್ತಾರೆ ಎಂಬುದಕ್ಕೆ ಶೈಲೇಶನ ಹತ್ತಿರ ಖಚಿತ ಉತ್ತರವಿತ್ತು: ಅದರೊಳಗಿಂದ ಎದುರಿನವರ ಎಲೆ ಕಾಣುತ್ತವೆ. ಉಮರ್ಗಾದ ಗೊಬ್ಬರದಂಗಡಿಯಲ್ಲಿ ಪಗಾರಕ್ಕೆ ದುಡಿಯುವ ಈ ಮಹಾಶಯ ಉದಗೀರ ಬಸ್ ಸ್ಟ್ಯಾಂಡಿನಲ್ಲಿ ಒಂದು ಚಷ್ಮಾ ಕೊಂಡು, ದೀಪಾವಳಿ ಪಾಡ್ಯದ ದಿನ ದಾಳಿಂಬ ಎಂಬ ಹಳ್ಳಿಯ ಪೋಕರ್ ಟೂರ್ನಮೆಂಟಿಗೆ ಬಂದು ಕೂತ. ಎದುರಿನವರ ಎಲೆ ಹಾಳಾಗಲಿ, ತನ್ನ ಕೈಯಲ್ಲಿರುವುದು ಕೆಂಪೋ ಕಪ್ಪೋ ತಿಳಿಯಲಿಲ್ಲ. ಚಷ್ಮಾ ಕಿಸೆಗೆ ಹೋಯಿತು.

ಸೋಯಾಬೀನ್ ತುಂಬುವ ತಗಡಿನ ಶೆಡ್ಡಿನಲ್ಲಿ ಆಟ. ರೊಕ್ಕದ ಬದಲು ಎಲ್ಲರಿಗೂ ಸಮಸಮ ಹುಣಸೆಬೀಜ. ಬೀಜ ಮುಗಿದವ ಏಳಬೇಕು, ಕೊನೆಗೆ ಉಳಿದವನಿಗೆ ಟಗರು. ಟಗರು ಕೊಟ್ಟವನು ಅಮೃತಪ್ಪ. ಕುರಿ ಸಾಕುವುದರಲ್ಲಿ ಅವನಿಗೆ ಎಷ್ಟು ಹೆಸರೋ, ನಾಲ್ಕು ಮಂದಿಯ ಮುಂದೆ ಎದೆ ಉಬ್ಬಿಸುವುದರಲ್ಲೂ ಅಷ್ಟೇ. "ಬೇವಿನ ಗಿಡಕ್ಕ ಕಟ್ಟಿದ್ದು ಒಯ್ರಿ" ಎಂದು ಆಟ ನಡೆಸುವ ಹುಡುಗರಿಗೆ ಅಂದಿದ್ದ. ಆದರೆ ಹಬ್ಬಕ್ಕೆಂದು ಕುರಿಗಳ ಮೈ ತೊಳೆದ ಹೆಂಡತಿ ಕಾಂತಾಬಾಯಿ ಬೇವಿನ ಗಿಡಕ್ಕೆ ಕಟ್ಟಿದ್ದು ಬೀರಪ್ಪ ದೇವರಿಗೆ ಬಿಟ್ಟ ಟಗರನ್ನು. ಗುರುತಿಗೆಂದು ಹಣೆಗೆ ಹಚ್ಚಿದ್ದ ಭಂಡಾರದ ಅರಿಸಿನ ನೀರಲ್ಲಿ ಹರಿದುಹೋಗಿತ್ತು, ಹುಡುಗರಿಗೆ ಗುರುತು ಸಿಗಲಿಲ್ಲ.

ಆಟ ಸುರುವಾದ ಮೇಲೆ ಕಾಂತಾಬಾಯಿ ಶೆಡ್ಡಿನ ಬಾಗಿಲಿಗೆ ಬಂದು, ಆಟ ನೋಡುತ್ತ ಕೂತಿದ್ದ ಗಂಡನ ಮೇಲೆ ಹರಿಹಾಯ್ದಳು. "ಏ ಮನಷ್ಯಾ, ದೇವರ ಟಗರು ಇಸ್ಪೀಟಿಗೆ ಹಚ್ಚೀದಿ?"

ಆಟ ನಡೆಸುತ್ತಿದ್ದ ಸುನಿಲ ಬೆಚ್ಚಿದ. "ಒಯ್ರಿ ಕಾಕಾ, ಬ್ಯಾರೆದ್ದು ಕೊಡ್ರಿ."

"ಕೊಟ್ಟದ್ದು ಹೊಳ್ಳಿ ಇಸ್ಕೊಳ್ಳಾಕ ನಾ ಏನ್ ಕೂಸಾ? ನನಗೂ ಬೀಜ ಹಾಕು. ಗೆದ್ದೇ ಒಯ್ತೀನಿ" ಎಂದ ಅಮೃತಪ್ಪ.

"ಟಗರು ಇಲ್ಲದ ಬಂದ್ರ ಬಾಗಲಾ ತೆಗ್ಯಾಂಗಿಲ್ಲ ನೋಡು" ಎಂದು ಕಾಂತಾಬಾಯಿ ಅಲ್ಲೇ ಕೂತಳು.

ಮೊದಲು ಕೈಗೆ ಎರಡೆಲೆ, ಅದರ ಮೇಲೆ ಪಣ. ಆಮೇಲೆ ನಡುವೆ ಎಲ್ಲರಿಗೂ ಸೇರಿ ಐದೆಲೆ. ಛಲೋ ಜೋಡಿ ಬಂತೆಂದರೆ ಶೈಲೇಶ ಮದುಮಗನ ಮುಖ ಮಾಡಿ ಬೀಜದ ಗುಡ್ಡೆಯನ್ನೇ ದಬ್ಬುತ್ತಿದ್ದ. ಎಲ್ಲರೂ ನಕ್ಕು ಎಲೆ ಬಿಸಾಡುತ್ತಿದ್ದರು. ಕೆಟ್ಟ ಎಲೆಗೆ ತಾನೇ ಹೆದರಿ ಬಿಸಾಡುತ್ತಿದ್ದ. ಹಾಗಾಗಿ ಗೆಲ್ಲದೆಯೂ ಸಾಯದೆಯೂ ಉಳಿದ.

ಅಮೃತಪ್ಪನದು ಬೇರೆಯೇ ಧಾಟಿ. ಒಮ್ಮೆ ರಾಜಾನಿಗಿಂತಲೂ ದೊಡ್ಡ ಎಲೆಯಾದ ಎಕ್ಕಾ ಎರಡು ಇಟ್ಟುಕೊಂಡು ಬರೇ ಒಂದು ಚಿಟಿಕೆ ಬೀಜ. ಮತ್ತೊಮ್ಮೆ ಅವೇ ಎಕ್ಕಾಗಳಿಗೆ ಮುಷ್ಟಿ ತುಂಬ. ನಡುನಡುವೆ ಹೊಲಸು ಎಲೆಗೂ ಒಮ್ಮೆ ಚಿಟಿಕೆ, ಒಮ್ಮೆ ಮುಷ್ಟಿ. ಒಬ್ಬೊಬ್ಬರೇ ಖಾಲಿಯಾಗಿ ಎದ್ದರು.

"ಏನ್ ಲೆಕ್ಕ ಕಾಕಾ ಇದು?" ಸುನಿಲ ಕೇಳಿದ.

"ಕಾಸಾರಶಿರಸಿ ಸಂತ್ಯಾಗ ಛಲೋ ಟಗರಿಗಿ ದಿನಾ ಒಂದೇ ನಮೂನಿ ಹೊಗಳಿದ್ರ ಗಿರಾಕಿ ಶಾಣ್ಯಾ ಆಗ್ತಾನ. ಒಮ್ಮಿ ಬಾಯಿ ಹರ್ಕೋಬೇಕು, ಒಮ್ಮಿ 'ಒಯ್ದ್ರ ಒಯ್ಯಿ, ಬಿಟ್ರ ಬಿಡು' ಅನಬೇಕು."

ಕೊನೆಗೆ ಉಳಿದವರು ಇಬ್ಬರೇ. ಶೈಲೇಶನ ಕೈಗೆ ಎರಡು ರಾಜಾ ಬಂದವು. ಅಮೃತಪ್ಪ ಬಾಗಿಲ ಬಳಿ ಕಟ್ಟಿದ್ದ ಟಗರಿನ ಕಡೆ ಒಮ್ಮೆ, ಹೆಂಡತಿಯ ಕಡೆ ಒಮ್ಮೆ ನೋಡಿ, ಚಿಟಿಕೆ ಬೀಜ ಹಾಕಿದ. ಹಿಂದಿನ ಆಟದಲ್ಲಿ ಚಿಟಿಕೆ ಹಾಕಿ ತೋರಿಸಿದ್ದು ಹೊಲಸು ಎಲೆ. ಅದಷ್ಟೇ ಶೈಲೇಶನಿಗೆ ನೆನಪಾಯಿತು. ಎಕ್ಕಾದ ಚಿಟಿಕೆ ಮರೆತಿತ್ತು. ಇದ್ದಬದ್ದ ಬೀಜ ಎಲ್ಲ ದಬ್ಬಿದ. ಅಮೃತಪ್ಪನೂ ದಬ್ಬಿ, ಎಲೆ ಮಗುಚಿದ: ಎರಡು ಎಕ್ಕಾ. ನಡುವಿನ ಐದೆಲೆಯಲ್ಲಿ ಶೈಲೇಶನಿಗೆ ಒಂದೂ ರಾಜಾ ಬರಲಿಲ್ಲ.

ಕಾಂತಾಬಾಯಿ ಸೆರಗಿನ ಗಂಟು ಬಿಚ್ಚಿ ಟಗರಿನ ಹಣೆಗೆ ಭಂಡಾರ ಹಚ್ಚಿದಳು. ಅಮೃತಪ್ಪ ಹಗ್ಗ ಹಿಡಿದು ಮದುವೆ ಮೆರವಣಿಗೆಯಂತೆ ಹೊರಟ. ಶೈಲೇಶನಿಗೆ ಹೊಟ್ಟೆ ಉರಿಯಿತು.

"ಕಾಕಾ, ದೇವರ ಟಗರು ಜೂಜಿಗಿ ಹಚ್ಚಿ, ಜೂಜಿನಾಗೇ ಬಿಡಿಸ್ಕೊಂಡು ಹೊಂಟೀರಿ. ಬೀರಪ್ಪನ ಮುಂದ ನಿಲ್ಲಾಕ ನಾಚಿಕಿ ಬರಂಗಿಲ್ಲೇನ್ರೀ?"

ಅಮೃತಪ್ಪ ತಿರುಗಿಯೂ ನೋಡಲಿಲ್ಲ.

"ಸೋತಿದ್ರ ಬರ್ತಿತ್ತು."