ಕೆಳಗಿನ ಗದ್ದೆಗೆ ಎಣ್ಣೆ ಹೊಡೆಯುತ್ತಿದ್ದ ಕಾಕಾ

ಕಾಕಾನ ಎರಡೂ ಭುಜದ ಮೇಲೆ ಕರಿ ಪಟ್ಟೆಗಳಿದ್ದವು. ಬೆನ್ನಿಗೆ ಹೊರುವ ಪಂಪಿನ ಪಟ್ಟಿ ಉಜ್ಜಿ ಉಜ್ಜಿ ಚರ್ಮ ಎತ್ತಿನ ಹೆಗಲಿನಂತೆ ದಡ್ಡುಗಟ್ಟಿತ್ತು. ಮುಕ್ಕುಂದ ಊರಿನ ಸುತ್ತ ಭತ್ತಕ್ಕೆ ಎಣ್ಣೆ ಹೊಡೆಯುವುದೆಂದರೆ ಅವನೇ, ಊರಿಗೆಲ್ಲ ಅವನು ಕಾಕಾ. ಕೀಟನಾಶಕಕ್ಕೆ ನಮ್ಮಲ್ಲಿ ಎಣ್ಣೆ ಎಂದೇ ಅನ್ನುತ್ತಾರೆ. ವಿಷ ಅಂದರೆ ಯಾರು ಕೊಳ್ಳುತ್ತಾರೆ? ಪಂಪು ಹೊರುವ ಮೊದಲು ಒಂದು ಹಿಡಿ ಹೊಟ್ಟು ತೂರಿ ಗಾಳಿ ನೋಡುತ್ತಿದ್ದ. "ಗಾಳಿಗೆ ಎದುರು ನಿಂತು ದುಡದಾಂವ ಮೊಮ್ಮಕ್ಕಳ ಮಾರಿ ನೋಡಂಗಿಲ್ಲ" ಎನ್ನುತ್ತಿದ್ದ.

ನಾನು ಮಸ್ಕಿಯಲ್ಲಿ ಚೀಲ ಹೊತ್ತು, ಮಾತಿನ ಬಲದಿಂದ ಮೇಲೆ ಬಂದವನು. ಈಗ ಸಿಂಧನೂರಿನಲ್ಲಿ ಅಕ್ಕಿ ವ್ಯಾಪಾರ. ಹೊರದೇಶದವರೊಂದಿಗೆ ಹೊಸ ವ್ಯಾಪಾರ ಒಪ್ಪಂದವಾಗಿದೆ, ವಿಷದ ಅಂಶವಿಲ್ಲದ ಅಕ್ಕಿಗೆ ಒಳ್ಳೆಯ ದರ ಎಂದು ರಫ್ತಿನವನೊಬ್ಬ ಬಂದ. ಮುಕ್ಕುಂದದಲ್ಲಿ ಕಾಲುವೆಯ ನೀರು ಮೊದಲು ಬೀಳುವ ಮೇಲಿನ ಗದ್ದೆಗಳನ್ನು ನಾನೇ ಆರಿಸಿ, ಅಲ್ಲಿ ಎಣ್ಣೆ ಬಂದ್ ಮಾಡಿಸಿದೆ.

ಎರಡನೇ ಬೆಳೆಗೆ ಏಡಿ, ಕಪ್ಪೆ ಬಂದವು, ಕೊಕ್ಕರೆ ಇಳಿದವು. ಕಾಕಾ ಬದುವಿನ ಮೇಲೆ ಕುಕ್ಕರಗಾಲಲ್ಲಿ ಕೂತು ಕೂಸಿನಂತೆ ನಕ್ಕ. ಆಮೇಲೆ ಕೆಳಗಿನ ಗದ್ದೆಗಳತ್ತ ಕೈ ತೋರಿಸಿದ. ಅಲ್ಲಿಯ ಭತ್ತ ನಮ್ಮ ಊರುಗಳ ಸಂತೆಗೆ. ಮೇಲಿನ ಹುಳವೆಲ್ಲ ಕೆಳಗಿಳಿಯುತ್ತದೆಂದು ಹೆದರಿ ಅಲ್ಲಿ ದುಪ್ಪಟ್ಟು ಹೊಡೆಸುತ್ತಿದ್ದರು. ಅಲ್ಲಿ ಬಸಿದ ನೀರು ಹಳ್ಳಕ್ಕೆ. ಹಳ್ಳದ ದಂಡೆಗೆ ಕಾಕಾನ ಓಣಿ.

"ಸಾವ್ಕಾರ್ರ, ಕಪ್ಪಿಗೆ ಬದು ಗೊತ್ತಾಗ್ತದೇನ್ರಿ? ಈಕಡಿಂದ ಆಕಡಿ ಜಿಗಿದ್ರ ಸತ್ತಂಗ. ಕರಾರಿನ ಕಾಗದದಾಗ ಕೆಳಗಿನ ಗದ್ದಿನೂ ಬರಸ್ರಿ."

"ಅಷ್ಟು ಅಕ್ಕಿ ಅವರು ಒಯ್ಯಂಗಿಲ್ಲೋ ಕಾಕಾ."

"ಒಯ್ಯಬ್ಯಾಡ್ರಿ. ಎಣ್ಣಿ ಬಂದ್ ಮಾಡಸ್ರಿ, ಸಾಕು. ಅವರದು ಹೊಟ್ಟಿ, ನಮ್ದೇನು ಗೋಣಿಚೀಲೇನ್ರಿ?"

ನಾನು ನಕ್ಕು, "ಮುಂದಿನ ಸಲ ನೋಡೂಣು ತಗೋ" ಅಂದೆ. ಇಲ್ಲ ಎನ್ನಲು ವ್ಯಾಪಾರಿಗಳು ಬಳಸುವ ಮಾತು ಅದು.

ಲಿಂಗಸುಗೂರಿನಲ್ಲಿ ರಫ್ತಿನವರ ಸಭೆಯಾಯಿತು. ಒಪ್ಪಂದದಿಂದ ಪರಿಸರಕ್ಕಾದ ಲಾಭ ನೋಡಿರೆಂದು ನಮ್ಮ ಮೇಲಿನ ಗದ್ದೆಯ ಕೊಕ್ಕರೆಗಳನ್ನು ಪರದೆಯ ಮೇಲೆ ತೋರಿಸಿದರು. ನನಗೆ ಶಾಲು ಹೊದಿಸಿದರು. ಲಾಭ ಸುಳ್ಳಲ್ಲ, ಬದುವಿನ ತನಕ ಮಾತ್ರ ನಿಜ!

ಅದೇ ವಾರ ಕೆಳಗಿನ ಗದ್ದೆಯಲ್ಲಿ ಗಾಳಿ ತಿರುಗಿತು. ಕಾಕಾ ಹೊಟ್ಟು ತೂರಿ ನೋಡಿ, ಇವತ್ತು ಬೇಡ ಅಂದನಂತೆ. "ಆಗಂಗಿಲ್ಲಂದ್ರ ಹೇಳು, ಬ್ಯಾರೆಯವರನ್ನ ಕರಿತೀನಿ" ಅಂದನಂತೆ ಹೊಲದ ಯಜಮಾನ. ಆ ಗಾಳಿಯಲ್ಲೇ ಹೊಡೆಯಲು ಇಳಿದ ಕಾಕಾ, ಪಂಪಿನ ಸಮೇತ ಬದುವಿನ ಮೇಲೆ ಬಿದ್ದವನು ಮತ್ತೆ ಏಳಲಿಲ್ಲ. ಹೋಗಿ ಆ ಎಣ್ಣೆಯ ಡಬ್ಬಿ ತಿರುಗಿಸಿ ನೋಡಿದೆ. ತಮ್ಮ ಅಕ್ಕಿಯಲ್ಲಿ ಅದು ಚೂರೂ ಇರಬಾರದು ಅಂದವರ ದೇಶದಲ್ಲೇ ತಯಾರಾದದ್ದು. ತಿನ್ನಲು ಬೇಡ, ನಮಗೆ ಮಾರಲು ಬೇಕು! ಇದ್ಯಾವ ಸೀಮೆಯ ನ್ಯಾಯ?

ನನ್ನ ಸಿಟ್ಟು ಅವರ ಮೇಲಿದೆ, ಯಜಮಾನನ ಮೇಲಿದೆ, ಎಲ್ಲಕ್ಕಿಂತ ಹೆಚ್ಚು ನನ್ನ ನಾಲಿಗೆಯ ಮೇಲಿದೆ. ತೂಕಕ್ಕೆ, ದರಕ್ಕೆ, ವಾಯಿದೆಗೆ ಬಿಡದೆ ಜಗ್ಗಾಡಿದ ನಾಲಿಗೆ, ಕಾಕಾ ಹೇಳಿದ ಒಂದು ಸಾಲನ್ನು ಬರೆಯೆಂದು ರಫ್ತಿನವನನ್ನು ಕೇಳಿ ಕೂಡ ನೋಡಲಿಲ್ಲ.

ಈಗ ಸಲಹೆ ಕೇಳಿ ಬಂದವರಿಗೆಲ್ಲ ಹೇಳುತ್ತೇನೆ: ದರ ಆಮೇಲೆ, ನಿಮ್ಮ ಗದ್ದೆಯ ನೀರು ಯಾರ ಮನೆಯ ಕಡೆ ಹೋಗುತ್ತದೆ, ಮೊದಲು ಅದನ್ನು ನೋಡಿ.

ಈ ಹಂಗಾಮಿಗೆ ರಫ್ತಿನವ ಬಂದಾಗ, "ಕೆಳಗಿನ ಗದ್ದಿಗೂ ಎಣ್ಣಿ ಬಂದ್ ಅಂತ ಬರಿ. ಅಲ್ಲಿ ಎಣ್ಣಿ ಬದಲಿ ಹಾಕೂ ಬೇವಿನ ಹಿಂಡಿ ಖರ್ಚು ನಿಂದು. ಇಲ್ಲಂದ್ರ ಒಂದು ಕಾಳೂ ಕೊಡಂಗಿಲ್ಲ" ಅಂದೆ. ಅವನು ತಲೆ ಕೆರೆದುಕೊಂಡ, ಫೋನಿನಲ್ಲಿ ಯಾರನ್ನೋ ಕೇಳಿದ, ಬರೆದ. ಇಷ್ಟೆಲ್ಲ ಆದಾಗಲೂ ಅವನ ಮುಂದಿದ್ದ ಚಹಾ ಇನ್ನೂ ಬಿಸಿ ಇತ್ತು.