ಸುಧಾಕರಣ್ಣನ ಉದ್ದದ ಕೋಡ್

ಸುಧಾಕರಣ್ಣನ ಕಂಪ್ಯೂಟರ್ ಕೋಡಿಗೆ ವಯಸ್ಸಾಯಿತು ಎಂದು ಸಾಬೀತು ಮಾಡುವ ಕೆಲಸ ಕಳೆದ ವಾರ ನನ್ನ ಹೆಗಲಿಗೆ ಬಿತ್ತು. (ಮುಂಬಯಿಯ ವಿಕ್ರೋಳಿಯ ನಮ್ಮ ಆಫೀಸಿನಲ್ಲಿ ಯಾರಿಗೂ ಬೇಡದ ಕೆಲಸಕ್ಕೆ ನನ್ನ ಟೇಬಲ್ಲಿನ ದಾರಿ ಚೆನ್ನಾಗಿ ಗೊತ್ತು.)

ಸುಧಾಕರಣ್ಣ ಉಡುಪಿ ಕಡೆಯವರು, ನಮ್ಮಲ್ಲೆಲ್ಲ ಸೀನಿಯರ್. ಲ್ಯಾಬ್‌ಗಳ ರಕ್ತಪರೀಕ್ಷೆಯ ರಿಪೋರ್ಟ್ ತಯಾರಿಸುವ ನಮ್ಮ ಸಾಫ್ಟ್‌ವೇರಿನ ಮುಖ್ಯ ಭಾಗ ಅವರೇ ಪೈಥಾನ್ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಬರೆದದ್ದು. ಒಂದೇ ಫಂಕ್ಷನ್, ಅಂದರೆ ಎಲ್ಲ ಕೆಲಸಕ್ಕೂ ಕೋಡಿನ ಒಂದೇ ತುಂಡು, ಗೂಡ್ಸ್ ಗಾಡಿಯಷ್ಟು ಉದ್ದ. ಕೆಲಸವನ್ನು ಚಿಕ್ಕ ಚಿಕ್ಕ ಫಂಕ್ಷನ್‌ಗಳಾಗಿ ಒಡೆದರೆ ಓದಲು ಸುಲಭ, ನಿಜ. ಆದರೆ ಒಂದು ಇನ್ನೊಂದನ್ನು ಕರೆದಾಗಲೆಲ್ಲ ಒಂಚೂರು ಸಮಯ ಹೋಗುತ್ತದೆ. ಲಕ್ಷಗಟ್ಟಲೆ ಸಲ ಕರೆದರೆ? ಅದಕ್ಕೇ ಅವರು ಒಡೆಯಲಿಲ್ಲ.

ಹೊಸದಾಗಿ ಸೇರಿದ ಸ್ನೇಹಾ ಭಾಂಡುಪ್‌ನಲ್ಲೇ ಬೆಳೆದ ಹುಬ್ಬಳ್ಳಿಯವರ ಮಗಳು. "ಸರ್, ಇಷ್ಟು ಲಂಬಾ ಫಂಕ್ಷನ್ ಕೌನ್ ಬರೀತಾರೆ?" ಎಂದು ಮೀಟಿಂಗ್‌ನಲ್ಲಿ ಎಲ್ಲರೆದುರೇ ನಕ್ಕುಬಿಟ್ಟಳು. ಪೈಥಾನಿನ ಹೊಸ ವರ್ಷನ್‌ನಲ್ಲಿ ಫಂಕ್ಷನ್ ಕರೆಯುವ ಖರ್ಚು ಇಳಿದಿದೆಯಂತೆ. ಬಾಸ್ ನನ್ನತ್ತ ತಿರುಗಿ, "ಟೆಸ್ಟ್ ಮಾಡಿ ತೋರಿಸಿ" ಎಂದರು.

ಮಾಡಿದೆ. ಒಡೆದ ಕೋಡ್, ಒಡೆಯದ ಕೋಡ್, ಎರಡನ್ನೂ ಹಳೆಯ ವರ್ಷನ್‌ನಲ್ಲಿ ಓಡಿಸಿದೆ, ಹೊಸದರಲ್ಲೂ ಓಡಿಸಿದೆ. ಒಮ್ಮೆ ಬಂದ ಸೆಕೆಂಡುಗಳ ಲೆಕ್ಕ ಇನ್ನೊಮ್ಮೆ ಬರಲಿಲ್ಲ. ಹಿಂದೆ ಬಂದು ನಿಂತಿದ್ದ ಸುಧಾಕರಣ್ಣ ಸ್ಕ್ರೀನ್ ನೋಡಿ, "ಆ ವಿಡಿಯೋ ಕಾಲ್ ಬಂದ್ ಮಾಡಿ ಓಡಿಸು ಮಾರಾಯ್ತಿ, ಅದು ಕಂಪ್ಯೂಟರನ್ನೇ ನಿಧಾನ ಮಾಡ್ತದೆ. ಸೋಲುವುದಿದ್ರೆ ಸರಿಯಾಗಿ ಸೋಲುವ" ಎಂದರು.

ಸರಿಯಾಗಿಯೇ ಸೋತರು. ಹೊಸದರಲ್ಲಿ ಎರಡರ ವೇಗದ ನಡುವಿನ ವ್ಯತ್ಯಾಸ ಲೆಕ್ಕಕ್ಕೇ ಇಲ್ಲ. ಹಳೆಯದರಲ್ಲಿ? ಅವರ ಉದ್ದದ ಕೋಡ್ ಎಲ್ಲೋ ಮುಂದಿತ್ತು.

ಸ್ನೇಹಾ ಬಗ್ಗಿ ನೋಡಿದಳು. ನಗು ಇರಲಿಲ್ಲ. "ಅರೆ... ಸರ್, ಆವಾಗ ನೀವು ಕರೆಕ್ಟ್ ಇದ್ರಿ."

"ಅದನ್ನು ಮೀಟಿಂಗ್‌ನಲ್ಲಿ ಹೇಳು" ಎಂದರು ಅವರು.

ಹೇಳಿದಳು, ಪಾಪ, ತಡವರಿಸುತ್ತ. ಬಾಸ್ ಫೋನಿನಿಂದ ಕಣ್ಣೆತ್ತಲಿಲ್ಲ. "ಪುರಾನಾ ಛೋಡೋ, ಹಳೇ ಕಥೆ ಬೇಡ. ಒಡೆದು ಬರೆಯಿರಿ. ನೆಕ್ಸ್ಟ್?"

"ನಾನೇ ಒಡೀತೇನೆ" ಎಂದರು ಸುಧಾಕರಣ್ಣ. "ಕಟ್ಟಿದವನಿಗೆ ಗೊತ್ತಿರ್ತದೆ, ಎಲ್ಲಿ ಒಡೀಬೇಕು ಅಂತ."

ಸಂಜೆ ಸ್ಟೇಷನ್‌ನಲ್ಲಿ ನಾನೂ ಸುಧಾಕರಣ್ಣನೂ ಬಂದ ಲೋಕಲ್ ರೈಲು ಹತ್ತದೆ ನಿಂತೆವು. ಆ ನೂಕಾಟಕ್ಕೆ ಇಬ್ಬರಲ್ಲೂ ತ್ರಾಣವಿರಲಿಲ್ಲ.

"ಬೇಜಾರಾಯ್ತಾ?" ಎಂದೆ.

"ಕೋಡ್ ಹೋದದ್ದಕ್ಕಲ್ಲ. ಇಷ್ಟು ವರ್ಷ ನಾನು ತಲೆ ಇಲ್ಲದೆ ಬರೆದದ್ದು ಅಂತ ಉಳೀತದಲ್ಲ, ಅದಕ್ಕೆ."

ಮುಂದಿನ ಲೋಕಲ್ ಬಂತು. ಅವರು ಜನರಲ್ ಡಬ್ಬಿಯತ್ತ ಹೋದರು, ನಾನು ಲೇಡೀಸ್‌ನತ್ತ.

ಇಂದು ನಾನು ಬರೆದದ್ದನ್ನು ನಾಳೆ ಯಾರೋ ತೆರೆದು ನಗುತ್ತಾರೆ. ನಗಲಿ. ಆದರೆ ನಗುವ ಮುಂಚೆ, ಹಳೆಯ ವರ್ಷನ್‌ನಲ್ಲೂ ಒಮ್ಮೆ ಓಡಿಸಿ ನೋಡುವಷ್ಟು ವ್ಯವಧಾನ ಅವರಿಗಿರುತ್ತದೆಯೇ?