ಗಾಜಿನ ನಳಿಗೆಯಲ್ಲಿ ಅಪ್ಪನ ರಕ್ತ

ಬೆಟಗೇರಿಯ ನಮ್ಮ ಮನೆಯಲ್ಲಿ ಅಪ್ಪ ನೆಲದ ಗುಂಡಿಯಲ್ಲಿ ಹೂಡಿದ ಕುಣಿಮಗ್ಗಕ್ಕೆ ಇಳಿದು ಸೀರೆ ನೇಯುತ್ತಿದ್ದ. ನಾನು ಹೊಸ್ತಿಲಲ್ಲಿ ನಿಂತು, ಆಗಷ್ಟೇ ಬಂದುಹೋದ ಸಾವುಕಾರನ ಗಂಟಲಲ್ಲಿ ಮಾತಾಡಿ ಅವ್ವನನ್ನು ನಗಿಸುತ್ತಿದ್ದೆ. ಲಾಳಿಯ ಸದ್ದು ನಿಂತಿತು. ಬೈಗುಳಕ್ಕೆ ಸಿದ್ಧನಾದೆ.

ಬೈಯಲಿಲ್ಲ.

ಎದೆ ಹಿಡಿದುಕೊಂಡು ಬಾಗಿದ್ದ. ಬೆವರು ಸೀರೆಯ ದಡಿಗೆ ಇಳಿಯುತ್ತಿತ್ತು. ಅವನಿಗೆ ಅದರದೇ ಚಿಂತೆ: "ಒರಸಲೇ, ಕಲೆ ಬೀಳತೈತಿ."

ಗದಗಿನಿಂದ ಡಾಕ್ಟರು ಬಂದರು. ಎದೆಯನ್ನು ಬಹಳ ಹೊತ್ತು ಕೇಳಿದರು. "ಕೊರೊನರಿ" ಎಂದರು. ಹೃದಯಕ್ಕೆ ರಕ್ತ ಒಯ್ಯುವ ನಾಳ ಕಟ್ಟಿಕೊಂಡು ಹೃದಯಕ್ಕೇ ಗಾಯವಾಗಿದೆ. ಎಷ್ಟು ಗಾಯ? ಅದನ್ನು ತೋರಿಸುವ ಇ.ಸಿ.ಜಿ. ಯಂತ್ರ ದೂರದ ದೊಡ್ಡ ಆಸ್ಪತ್ರೆಯಲ್ಲಿದೆ. ಈ ಸ್ಥಿತಿಯಲ್ಲಿ ಅಪ್ಪನನ್ನು ಒಯ್ಯುವಂತಿಲ್ಲ. ಉಳಿದದ್ದು ರಕ್ತ. ಅದನ್ನು ಸಪೂರ ಗಾಜಿನ ನಳಿಗೆಯಲ್ಲಿ ನಿಲ್ಲಿಸಿದರೆ ಕೆಂಪು ಕೆಳಗಿಳಿಯುತ್ತದೆ. ಬೇಗ ಇಳಿದರೆ ಒಳಗಿನ ಗಾಯ ಇನ್ನೂ ಹಸಿ, ನಿಧಾನವಾದರೆ ಮಾಗುತ್ತಿದೆ. ಹೆಸರು ಇ.ಎಸ್.ಆರ್. ಅದು ಸರಿಬರುವ ತನಕ ಅಪ್ಪ ಹಾಸಿಗೆ ಬಿಡಬಾರದು, ಕೆಲಸ ಮಾಡಬಾರದು.

"ಮಗ್ಗ ಮುಟ್ಟಿದ್ರ ಜೀವಕ್ಕ ನಾ ಜವಾಬ್ದಾರ ಅಲ್ಲ ನೋಡ್ರಿ," ಎಂದರು.

"ಮುಟ್ಟಂಗಿಲ್ಲರೀ," ಎಂದ ಅಪ್ಪ.

ಮುಟ್ಟಲೂ ಇಲ್ಲ. ಮಗ್ಗಕ್ಕೆ ನಾನು ಇಳಿದೆ.

ವಾರಕ್ಕೊಮ್ಮೆ ಕಂಪೌಂಡರ್ ಬಂದು ರಕ್ತ ತೆಗೆದು, ಹೆಪ್ಪುಗಟ್ಟದಂತೆ ಔಷಧಿ ಬೆರೆಸಿದ ಬಾಟಲಿಗೆ ತುಂಬಿ ನನ್ನ ಕೈಗಿಡುತ್ತಿದ್ದ. ಅಪ್ಪನನ್ನು ಕಿಸೆಯಲ್ಲಿಟ್ಟುಕೊಂಡು ಗದಗಿಗೆ ಸೈಕಲ್ ತುಳಿಯುವುದು ನನ್ನ ಪಾಲು. ಆಗ ರಾಜ್ಯ ಒಂದಾದ ಹೊಸತು; ದಾರಿಯ ತೋರಣಗಳು ಇನ್ನೂ ಬಾಡಿರಲಿಲ್ಲ. "ಮುಂಬೈ ಸರಕಾರ ಬಿಟ್ಟ್ವಿ, ಕನ್ನಡದವರೆಲ್ಲಾ ಒಂದ ಆದ್ವಿ!" ಎಂದು ಯಾರಾದರೂ ಕೂಗಿದರೆ, ಕಿಸೆ ಒತ್ತಿಹಿಡಿದು "ಹೌದ್ರೀ, ಅಪ್ಪನೂ ಜೋಡಿ ಅದಾನ" ಅನ್ನುತ್ತಿದ್ದೆ.

ದವಾಖಾನೆಯಲ್ಲಿ ಒಂದು ತಾಸು ನಳಿಗೆಯ ಮುಂದೆ ಕೂಡಬೇಕು. ಬೇಡವೆಂದರೂ ಇಳಿಯುತ್ತದೆ. ಒಮ್ಮೆ ತಲೆಕೆಟ್ಟು ಡಾಕ್ಟರ ದನಿಯಲ್ಲೇ "ಅಲುಗಾಡಬಾರದು!" ಎಂದು ಅದನ್ನು ಗದರಿಸಿದೆ. ಹಿಂದೆ ಅವರೇ ನಿಂತಿದ್ದರು. "ನನ್ನ ಗಂಟಲಾ ಅಷ್ಟು ಒಡಕ ಅದ ಏನೋ?" ಎಂದು ನಗುತ್ತ ನಳಿಗೆಗೆ ಬಾಗಿದರು. ನಗು ನಿಂತಿತು.

ಇಳಿಯುವ ವೇಗ ಕಡಿಮೆಯಾಗಿರಲಿಲ್ಲ.

ಮುಂದಿನ ವಾರವೂ ಇಲ್ಲ. ಅದರ ಮುಂದಿನ ವಾರವೂ. ಸಾಕುಸಾಕಾಯಿತು. ಮನೆ ತುಂಬ ನೋಡಲು ಬಂದವರು ಬೇರೆ. ಶಿರಹಟ್ಟಿಯಿಂದ ಬಂದ ಅತ್ತೆ, ಅಂದರೆ ಅಪ್ಪನ ಅಕ್ಕ, ಹಾಸಿಗೆಯ ಪಕ್ಕ ಕೂತು, ಎದೆನೋವಿನಿಂದ ಸತ್ತವರನ್ನು ಓಣಿಯ ಪ್ರಕಾರ ನೆನಪಿಸಿಕೊಳ್ಳುತ್ತಿದ್ದಳು. ನಾನೂ ಸೆರಗು ಎಳೆದುಕೊಂಡಂತೆ ಮಾಡಿ, ಅವಳದೇ ರಾಗದಲ್ಲಿ, "ನಮ್ಮ ತಮ್ಮನ ಸರದಿ ಯಾವಾಗೋ ಏನೋ ಯವ್ವಾ" ಎಂದೆ. "ನಿನ್ನ ಬಾಯಾಗ ಮಣ್ಣ ಹಾಕ!" ಎಂದು ಎದ್ದಳು. ಬಸ್ಸಿಗೆ ಹೊರಟಳೆಂದು ಆಸೆಪಟ್ಟೆ. ಚಹಾಕ್ಕೆ ಎದ್ದಿದ್ದಳು.

ಕೊನೆಗೆ ಡಾಕ್ಟರೇ ಮನೆಗೆ ಬಂದರು.

"ಖರೆ ಹೇಳ್ರಿ, ಮಗ್ಗಕ್ಕ ಇಳದೀರೇನು?"

"ದೇವರಾಣಿ ಇಲ್ಲರೀ."

ಅವ್ವನೂ ಆಣೆ ಮಾಡಿದಳು. ನಾನೂ ಮಾಡಿದೆ. ಮೂವರೂ ಹೇಳಿದ್ದು ಸತ್ಯವೇ. ಹೇಳುತ್ತ ಹೇಳುತ್ತಲೇ ಅಪ್ಪ ಹಾಸಿಗೆಯ ಮೇಲೆ ಎದ್ದು ಕೂತು ರಾಟೆ ತಿರುಗಿಸುತ್ತಿದ್ದ.

"ಇದೇನು?"

"ಕಂಡಿಕಿರೀ. ಲಾಳ್ಯಾಗ ಹಾಕೋ ನೂಲು. ಹುಡುಗ ನೇಯತಾನಲ್ರೀ, ಸುತ್ತಿ ಕೊಡಾಕತ್ತೇನಿ."

"ಎಷ್ಟೊತ್ತು?"

"ಮುಂಜಾನಿಂದ ಸಂಜಿತನಕ."

"ಕೆಲಸಾ ಮಾಡಬ್ಯಾಡ್ರಿ ಅಂದಿದ್ನಲ್ಲಾ!"

ಅಪ್ಪ ನಿಜಕ್ಕೂ ಗಲಿಬಿಲಿಗೊಂಡ. "ಇದು ಕೆಲಸೇನ್ರೀ? ಹೆಣ್ಮಕ್ಕಳು ಮಾಡೂದು."

ನಮ್ಮ ನೇಕಾರರ ಓಣಿಯಲ್ಲಿ ಕೆಲಸವೆಂದರೆ ನೇಯುವುದು. ಕಂಡಿಕೆ ಸುತ್ತುವುದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಅವ್ವ ಬಂದವರಿಗೆ ಚಹಾ ಕಾಸುವುದರಲ್ಲಿ ಮುಳುಗಿದ್ದಳು, ಹಾಗಾಗಿ ರಾಟೆ ಅಪ್ಪನ ಪಕ್ಕಕ್ಕೆ ಸರಿದಿತ್ತು. ಸರಿಸಿದವನು ಮಂದಿಯನ್ನೆಲ್ಲ ಅಣಕಿಸುವ ಈ ಜಾಣ, ನಾನೇ.

ಅವ್ವ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಳು. "ಲಗ್ನ ಆಗಿ ಬಂದಾಗಿಂದ ಸುತ್ತಾಕತ್ತೇನಿ. ಅದು ಕೆಲಸ ಅಂತ ಹೇಳಾಕ ಡಾಕ್ಟರ್ ಬರಬೇಕಾತು ನೋಡ್ರಿ."



ರಾಟೆಯನ್ನು ಅತ್ತೆಯ ಮುಂದಿಟ್ಟೆ. ಮರುದಿನವೇ ಅವಳಿಗೆ ಶಿರಹಟ್ಟಿ ನೆನಪಾಯಿತು. ಅಪ್ಪ ಅಂಗಾತ ಮಲಗಿ ಜಂತಿ ನೋಡಿದ. ನಂತರದ ಪರೀಕ್ಷೆಗಳಲ್ಲಿ ರಕ್ತ ಇಳಿಯುವುದು ನಿಧಾನವಾಗುತ್ತ ಬಂತು. ರಾಟೆ ಬಿಟ್ಟದ್ದಕ್ಕೋ ಎಂದು ಡಾಕ್ಟರನ್ನು ಕೇಳಿದೆ.

"ಇರಬಹುದು. ಗಾಯ ತಾನಾಗೇ ಮಾಗಿರಲೂಬಹುದು. ರಕ್ತ ಮನ್ಯಾಗ ಹೊಗಿ ಅದ ಅಂತ ಹೇಳತದ, ಯಾವ ಒಲೀದು ಅಂತ ಹೇಳೂದಿಲ್ಲ."

ಇಷ್ಟು ಸೈಕಲ್ ತುಳಿಸಿ ಇದನ್ನು ಹೇಳುವುದೇ! ಸಿಟ್ಟು ನೆತ್ತಿಗೇರಿತು. ಆದರೆ ತಿಳಿಯದ್ದನ್ನು ತಿಳಿಯದೆಂದು ಹೇಳಿದವರು ಅವರೊಬ್ಬರೇ. ನೋಡಲು ಬಂದ ಮಿಕ್ಕವರೆಲ್ಲ ಒಂದೊಂದು ಔಷಧಿ ಹೇಳಿಹೋಗಿದ್ದರು.

ಈಗ ಅಪ್ಪ ಅಂಗಳದ ತನಕ ನಡೆಯುತ್ತಾನೆ. ಮಗ್ಗಕ್ಕೆ ಇಳಿಯುವಂತಿಲ್ಲ, ಬಹುಶಃ ಇನ್ನೆಂದಿಗೂ. ಅದನ್ನು ಕೇಳಿದ ದಿನ ಗೋಡೆಗೆ ಮುಖ ಮಾಡಿ ಮಲಗಿದ. ಮರುದಿನ ಎದ್ದು ರಾಟೆ ಕೇಳಿದ. ಡಾಕ್ಟರು ಒಪ್ಪಿದಷ್ಟು ಹೊತ್ತು ಸುತ್ತುತ್ತಾನೆ, ದಣಿದರೆ ನಿಲ್ಲಿಸುತ್ತಾನೆ. "ರಟ್ಟಿ ಹಿಡೀತೈತಿ ನೋಡಲೇ ಇದು," ಎಂದು ತೋಳು ಒತ್ತಿಕೊಂಡು ಬೆರಗಾಗುತ್ತಾನೆ. ಆ ಹೊತ್ತಿನಲ್ಲಿ ಅವ್ವ ಗೋಡೆಗೊರಗಿ ಕಾಲು ಚಾಚುತ್ತಾಳೆ. ಮೊನ್ನೆ ಹಾಗೆ ಕೂತವಳು ಭುಜ ತಿಕ್ಕಿಕೊಳ್ಳುತ್ತಿದ್ದಳು. ಅಪ್ಪ ರಾಟೆ ನಿಲ್ಲಿಸಿದ.

"ಏನಾಗೇತಿ?"

"ನನಗೇನ ಧಾಡಿ ಆಗೇತಿ? ದಿನಾ ಇದ್ದದ್ದ."

"ದಿನಾ?"

ಅವ್ವ ಇನ್ನೊಂದು ಭುಜಕ್ಕೆ ಕೈ ಹಾಕಿದಳು. ಅಪ್ಪ ನನ್ನ ಕಡೆ ತಿರುಗಿದ.

"ಲೇ, ಕಂಪೌಂಡರ್ ಬಂದಾಗ ಇಕಿದೂ ಒಂದ ಬಾಟ್ಲಿ ತಗಿ ಅಂತ ಹೇಳು."